ಹನ್ನೊಂದು ಸೆಕೆಂಡು

ಒಂಬತ್ತು ಹತ್ತಕ್ಕೆ ಪೆಟ್ಟಿಗೆ ಬಿಚ್ಚಿದೆ, ಒಂಬತ್ತೂವರೆಗೆ ಇಪ್ಪತ್ತು ಜೊತೆ ಚರ್ಮದ ಕೈಗವಸು ನೆನೆಸಿದೆ, ಹತ್ತಕ್ಕೆ ಒಣಗಿಸುವ ಕಪಾಟಿಗೆ ಹಾಕಿದೆ, ಈಗ ಹನ್ನೊಂದೂ ನಲವತ್ತು, ಹೆಬ್ಬೆರಳುಗಳ ಅಳತೆ ಬಾಕಿ — ಬಿಸಿಯಾದ ಚರ್ಮಕ್ಕೆ ಒಂದು ಸಿಹಿ ವಾಸನೆ, ಅಮ್ಮನ ತಲೆಗೂದಲಿನಲ್ಲೂ ಇದೇ, ಇಪ್ಪತ್ತೆರಡು ವರ್ಷಗಳಿಂದ ಅವಳು ಕೆಳಗಿನ ಕತ್ತರಿಸುವ ವಿಭಾಗದಲ್ಲಿದ್ದಾಳೆ, ನಾನು ಮೇಲಿನ ಪ್ರಯೋಗಾಲಯದಲ್ಲಿ, ನಡುವೆ ಹದಿನಾಲ್ಕು ಮೆಟ್ಟಿಲು ಮತ್ತು ಅವಳೇ ಓದಿಸಿದ ನನ್ನ ಪದವಿ. ಈ ಕೈಗವಸುಗಳು ಅವಳು ಕತ್ತರಿಸಿದವಲ್ಲ, ಸಮುದ್ರದಾಚೆಯ ಹೊಸ ಕಾರ್ಖಾನೆಯವು, ಅಲ್ಲಿ ಕೂಲಿ ಇಲ್ಲಿನ ಮೂರರಲ್ಲೊಂದು ಪಾಲು, ಇವು ಕುಗ್ಗದಿದ್ದರೆ ತಿಂಗಳ ಕೊನೆಗೆ ಕೆಳಗಿನ ವಿಭಾಗ ಮುಚ್ಚುತ್ತದೆ, ಅಮ್ಮ ಮತ್ತು ಒಂಬತ್ತು ಮಂದಿ ಹೆಂಗಸರು ಮನೆಗೆ — ವರದಿ ನನ್ನದು, ಸಹಿ ನನ್ನದು. ಮ್ಯಾನೇಜರು ಎಷ್ಟು ಮೆತ್ತಗೆ ಹೇಳಿದ್ದರು, ಅಮ್ಮನ ಕೈಗುಣ ಅಮ್ಮನ ಜೊತೇಲೇ ಹೋಗಬಾರದಮ್ಮ, ಬರೆದಿಡಿ, ನಾಳೆ ಇಲ್ಲಿಗೆ ಬರೋ ಹೊಸಬರಿಗೆ ಬೇಕಲ್ವಾ — ಇಲ್ಲಿಗೆ ಎಂದೇ ಹೇಳಿದರು, ನಾನು ತೇವಾಂಶ ಬರೆದೆ, ಎಳೆತ ಬರೆದೆ, ಆರು ಹಂತ, ಆದರೂ ಹೊಸಬರು ಕತ್ತರಿಸಿದ್ದು ಒಗೆದೊಡನೆ ಹೆಬ್ಬೆರಳು ಮೂರು ಮಿಲಿಮೀಟರ್ ಕುಗ್ಗಿತು, ಏನೋ ಬಿಟ್ಟಿದೀರಿ ನೋಡಿ ಎಂದರು ಮ್ಯಾನೇಜರು, ಯಾವ ಹೊಸಬರು, ಅವರು ಎಲ್ಲಿದ್ದಾರೆ — ಎಲ್ಲವನ್ನೂ ಪ್ರಶ್ನಿಸಲು ಕಲಿತವಳು ಅದೊಂದನ್ನು ಕೇಳಲಿಲ್ಲ.

ಮೂರು ದಿನ ಅಮ್ಮನ ಮೇಜಿನ ಬಳಿ ಗಡಿಯಾರ ಹಿಡಿದು ನಿಂತೆ, ಚರ್ಮವನ್ನು ಎಳೆಯುತ್ತಾಳೆ, ಮೇಜಿನ ಮೇಲೆ ಬಿಡುತ್ತಾಳೆ, ಕನ್ನಡಕ ತೆಗೆದು ಒರೆಸುತ್ತಾಳೆ, ಆಮೇಲೆ ಕತ್ತರಿ, ಪ್ರತಿ ಸಲವೂ ಹನ್ನೊಂದು ಸೆಕೆಂಡು — ಅಷ್ಟರಲ್ಲಿ ಎಳೆದ ಚರ್ಮ ತಾನಾಗಿ ಹಿಂದೆ ಸರಿದು ನೆಲೆಗೆ ನಿಲ್ಲುತ್ತದೆ, ಆಮೇಲೆ ಕತ್ತರಿಸಿದ್ದು ಕುಗ್ಗುವುದಿಲ್ಲ. ಅದು ಅವಳಿಗೇ ಗೊತ್ತಿರಲಿಲ್ಲ, ಉಸಿರು ತಿರುಗಲಿ ಅಂತ ಒರೆಸ್ತೀನಿ ಕಣೇ ಎಂದಿದ್ದಳು, ಮೇಸ್ತ್ರಿ ವರ್ಷಗಟ್ಟಲೆ ಬೈದಿದ್ದ, ಅವತ್ತೂ ಬೈದ, ಕನ್ನಡಕ ಒರೆಸೋಕೆ ಸಂಬಳ ಕೊಡ್ತಾರೇನಮ್ಮ ನಿಂಗೆ, ಎಷ್ಟು ಒರೆಸಿದ್ರೂ ನಿನ್ನ ಮುಖ ಚಂದ ಕಾಣ್ತಿಲ್ವಲ್ಲಪ್ಪ, ಮೇಜಿನಿಂದ ಮೇಜಿಗೆ ನಗು — ನಾನು ನಗದೆ ಎರಡೆರಡು ಮೆಟ್ಟಿಲು ಹತ್ತಿ ಮ್ಯಾನೇಜರ ಕೋಣೆಗೆ ಓಡಿದೆ, ಏಳನೆಯ ಹಂತ ಸಿಕ್ಕಿತು ಸರ್, ಅವರು ಎದ್ದು ನಿಂತು ಕೈಕುಲುಕಿದರು, ಅಂಗೈ ತಣ್ಣಗಿತ್ತು. ಸೋಮವಾರ ಗೋಡೆಗೆ ನೋಟಿಸು, ಏಳು ಹಂತದ ವಿಧಾನ ಸಮುದ್ರದಾಚೆಯ ಕಾರ್ಖಾನೆಗೆ ಹೋಗಿದೆ, ಅಲ್ಲಿನ ಮಾದರಿ ಕುಗ್ಗದಿದ್ದರೆ ಈ ವಿಭಾಗ ಬಂದ್, ಅಮ್ಮ ಅದನ್ನು ಎರಡು ಸಲ ಓದಿದಳು, ಮನೆಗೆ ಬಂದು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತಳು — ನಂಗೇ ಗೊತ್ತಿಲ್ಲದ ನನ್ನ ಗುಟ್ಟು ಕಂಡುಹಿಡಿದ್ಯಲ್ಲೇ, ಮೊದ್ಲು ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ. ಅನ್ನಿಸಲಿಲ್ಲ, ಅಮ್ಮ, ಅದೇ ಸತ್ಯ, ಅವರು ನನಗೆ ಮೋಸ ಮಾಡುವ ಮೊದಲೇ ನಾನು ನಿನ್ನನ್ನು ದಾಟಿ ಹೋಗಿದ್ದೆ.

ಕಪಾಟು ತೆರೆದೆ, ತಟ್ಟೆಯಲ್ಲಿ ನಲವತ್ತು ಹೆಬ್ಬೆರಳು ನೆಟ್ಟಗೆ ನಿಂತಿವೆ, ಆಚೆ ದಡದಲ್ಲಿ ಯಾರೋ ಒಬ್ಬಳು ನಾನು ಬರೆದ ಸಾಲಿನಂತೆ ತುಟಿ ಅಲುಗಿಸುತ್ತ ಹನ್ನೊಂದರವರೆಗೆ ಎಣಿಸಿದ್ದಾಳೆ, ಅವಳಿಗೂ ಒಬ್ಬ ಮೇಸ್ತ್ರಿ, ಅವಳಿಗೂ ಒಬ್ಬಳು ಮಗಳು ಇರಬಹುದು — ಮೂರು ಮಿಲಿಮೀಟರ್ ಕುಗ್ಗಿತು ಎಂದು ಸುಳ್ಳು ಬರೆದರೆ ಸಾಕು, ಪೆನ್ಸಿಲು ಕೈಯಲ್ಲೇ ಇದೆ, ಯಾರೂ ಮತ್ತೆ ಅಳೆಯುವುದಿಲ್ಲ, ಕೆಳಗೆ ಅಮ್ಮನ ಕತ್ತರಿಯ ಸದ್ದು ನಿಂತಿದೆ, ಕನ್ನಡಕ ಒರೆಸುತ್ತಿರಬೇಕು, ಅಳತೆಪಟ್ಟಿ ಇಟ್ಟೆ, ಒಂದು ಹೆಬ್ಬೆರಳು, ಇನ್ನೊಂದು ಹೆಬ್ಬೆರಳು, ಮತ್ತೊಂದು ಹೆಬ್ಬೆರಳು —

ಪರೀಕ್ಷಿಸಿದ್ದು: ನಲವತ್ತು. ಕುಗ್ಗಿದ್ದು: ಒಂದೂ ಇಲ್ಲ.