ಹಿಂಬದಿಯ ಸ್ಟೇರಿಂಗ್

ದೋಣಿ ಇನ್ನೂ ಟ್ರಾಲಿಯ ಮೇಲೇ ಇತ್ತು. ಉಡುತಡಿಯ ಆಚೆಗಿನ ಕೆರೆಯಂಚಿನಲ್ಲಿ, ಮೂತಿಯನ್ನು ರಸ್ತೆಯ ಕಡೆಗೂ ಎಂಜಿನ್ನನ್ನು ನೀರಿನ ಕಡೆಗೂ ಮಾಡಿಕೊಂಡು ಬೆಳಗಿನಿಂದ ಕೂತಿತ್ತು. ನಾಗಶ್ರೀ ಅದರೊಳಗೆ ಕೂತು ಸ್ಟೇರಿಂಗನ್ನು ಒಮ್ಮೆ ಈ ಕೊನೆಗೆ, ಒಮ್ಮೆ ಆ ಕೊನೆಗೆ ತಿರುಗಿಸುತ್ತಿದ್ದಳು. ಹಿಂದೆ ಎಂಜಿನ್ನಿನ ಹತ್ತಿರ ಮೊಣಕಾಲೂರಿದ್ದ ಆನಂದಪ್ಪ, ಸ್ಟೇರಿಂಗಿನ ಎಣ್ಣೆ ಸಿಲಿಂಡರಿನಿಂದ ಸಣ್ಣ ಪೈಪೊಂದನ್ನು ಖಾಲಿ ನೀರಿನ ಬಾಟಲಿಗೆ ಬಿಟ್ಟು, ಅದರಲ್ಲಿ ಎಣ್ಣೆಯ ಜೊತೆ ಬರುವ ಗುಳ್ಳೆಗಳನ್ನೇ ನೋಡುತ್ತಿದ್ದ.

"ಇನ್ನೂ ಮೆತ್ತಗೈತ್ರಿ," ಎಂದಳು.

"ಏರ್ ಹಿಡ್ದದೆ ಅಕ್ಕಾ. ತಿರುಗಿಸ್ತಾ ಇರಿ. ಗುಳ್ಳೆ ನಿಂತ್ರೆ ಗಟ್ಟಿಯಾಗ್ತದೆ."

ಆನಂದಪ್ಪ ಸೊರಬದವನು. ಭತ್ತ ಕೊಯ್ಯುವ ಮೆಷಿನ್ನುಗಳ ಹೈಡ್ರಾಲಿಕ್ ಕೆಲಸಕ್ಕೆ ಸುತ್ತಲ ಊರುಗಳೆಲ್ಲ ಅವನನ್ನೇ ಕರೆಯುತ್ತಿದ್ದವು. ನಾಗಶ್ರೀಯ ಗಂಡ ಮಾಲತೇಶನದೂ ಅಂಥದೇ ಒಂದು ಮೆಷಿನ್ನು. ಕೊಯ್ಲು ಮುಗಿದರೆ ಅದು ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಜನರನ್ನು ಕೆರೆ ಸುತ್ತಿಸಿ ನಾಲ್ಕು ಕಾಸು ಮಾಡಲೆಂದು ಕರಾವಳಿಯಿಂದ ಈ ಹಳೆಯ ಮೋಟಾರ್ ದೋಣಿ ತಂದಿದ್ದರು. ಓಡಿಸುವುದನ್ನು ಕಲಿತು ಬಂದವಳು ನಾಗಶ್ರೀ. ಮಾಲತೇಶನಿಗೆ ಈಜು ಬಾರದು. ದೋಣಿಯ ಹಳೆಯ ಕೇಬಲ್ ಸ್ಟೇರಿಂಗ್ ತುಕ್ಕು ಹಿಡಿದು ಬಿಗಿದುಕೊಂಡಿದ್ದರಿಂದ ಈಗ ಎಣ್ಣೆಯ ಒತ್ತಡದಿಂದ ತಿರುಗುವ ಹೈಡ್ರಾಲಿಕ್ ಸ್ಟೇರಿಂಗ್ ಕೂರಿಸುತ್ತಿದ್ದರು. ಜನರನ್ನು ಹತ್ತಿಸಿಕೊಳ್ಳುವ ಮೊದಲು ಸ್ಟೇರಿಂಗಿನ ಮೇಲೆ ತನಗೆ ಪೂರ್ತಿ ನಂಬಿಕೆ ಬರಬೇಕು ಎಂದು ಅವಳು ಹಟ ಹಿಡಿದಿದ್ದಳು. ನೀರಿನ ಮೇಲೆ ಏನಾದರೂ ಆದರೆ ಸ್ಟೇರಿಂಗ್ ಹಿಡಿದಿರುವವಳು ಅವಳೇ ತಾನೆ.

ದಡದಿಂದ ಸ್ವಲ್ಪ ದೂರದಲ್ಲಿ ಮಾಲತೇಶನ ಚಿಕ್ಕಪ್ಪ ಸಣ್ಣಪ್ಪ ತೆಪ್ಪದಲ್ಲಿ ಕೂತು ಬಲೆ ಬಿಡುತ್ತಿದ್ದ.

"ಏ ಮಾಲತೇಶ, ಅದು ನೀರಿಗೆ ಇಳಿತೈತೋ, ಅಲ್ಲೇ ಮೊಟ್ಟೆ ಇಟ್ಟು ಮರಿ ಮಾಡ್ತೈತೋ?"

"ನೀ ಸ್ವಲ್ಪ ಆಕಡಿ ಸರಿ ಚಿಗಪ್ಪಾ!" ದಡದ ಮೇಲೆ ಹಗ್ಗ ಹಿಡಿದು ನಿಂತಿದ್ದ ಮಾಲತೇಶ ಕೂಗಿದ.

"ಇಷ್ಟ್ ದೊಡ್ಡ ಕೆರಿಯಾಗ ನಾನೇ ಅಡ್ಡ ಆದ್ನೇನ್ಲೇ?"

ಗುಳ್ಳೆ ನಿಲ್ಲಲೇ ಇಲ್ಲ. ಕೊನೆಗೆ ನಾಗಶ್ರೀ ಸ್ಟೇರಿಂಗಿನ ಅಡಿಗೆ ಬಗ್ಗಿ ಬೆರಳಾಡಿಸಿದಾಗ ಒಂದು ಪೈಪಿನ ಕೂಡುವೆಡೆ ಎಣ್ಣೆಯಿಂದ ಜಿಡ್ಡಾಗಿತ್ತು. ಆನಂದಪ್ಪ ಅದನ್ನು ಬಿಗಿದು ಮತ್ತೆ ಗಾಳಿ ಬಿಡಿಸಿದ. ಈ ಸಲ ಸ್ಟೇರಿಂಗ್ ಕೈಗೆ ಗಟ್ಟಿಯಾಗಿ ಸಿಕ್ಕಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳು ಬಲಕ್ಕೆ ತಿರುಗಿಸುತ್ತಾ ಹಿಂದಕ್ಕೆ ಬಗ್ಗಿ ನೋಡಿದಳು. ಎಂಜಿನ್ನಿನ ಕೆಳತುದಿಯ, ನೀರು ತಳ್ಳುವ ಫ್ಯಾನೂ ಬಲಕ್ಕೇ ಹೊರಳಿತು.

"ಆನಂದಪ್ಪಾರೆ, ಒಂದ್ನಿಮಿಷ. ಇದೂ ಹಿಂದ್ಗಡೆ ಸ್ಟೇರಿಂಗೇ ಅಲ್ವಾ? ನಮ್ ಮೆಷಿನ್ನಾಗ ಬಲಕ್ಕೆ ತಿರುಗಿಸಿದ್ರೆ ಹಿಂದಿನ ಗಾಲಿ ಎಡಕ್ಕೆ ಹೊರಳ್ತಾವೆ. ಇದ್ಯಾಕೆ ಬಲಕ್ಕೇ ಹೋಗ್ತೈತಿ?"

ಭತ್ತದ ಮೆಷಿನ್ನು ತಿರುಗುವುದು ಹಿಂದಿನ ಗಾಲಿಗಳಿಂದ. ಅದನ್ನು ನೋಡಿಕೊಂಡೇ ಬಾಳಿದ ಮೂವರಿಗೂ ಆ ಪ್ರಶ್ನೆಯಲ್ಲಿ ತಪ್ಪೇನೂ ಕಾಣಲಿಲ್ಲ.

"ಥತ್!" ಆನಂದಪ್ಪ ಹಣೆ ಬಡಿದುಕೊಂಡ. "ಪೈಪ್ ಉಲ್ಟಾ ಹಾಕೀನಲ್ಲ ಮಾರಾಯ್ರೇ. ಒಳ್ಳೆ ಹೊತ್ತಿಗೆ ನೋಡಿದ್ರಿ."

"ನಮ್ಮಾಕಿ ಕಣ್ಣು ತಪ್ಪಿಸಿ ಇರುವೆನೂ ಹೋಗಂಗಿಲ್ಲ," ಎಂದು ಮಾಲತೇಶ ನಕ್ಕ.

ಎರಡೂ ಪೈಪುಗಳನ್ನು ಅದಲುಬದಲು ಮಾಡಿ, ಮತ್ತೊಮ್ಮೆ ಗಾಳಿ ತೆಗೆದು, ದೋಣಿಯನ್ನು ನೀರಿಗೆ ಬಿಟ್ಟರು. ನಾಗಶ್ರೀ ಲೈಫ್ ಜಾಕೆಟ್ಟಿನ ಕೊಂಡಿಗಳನ್ನು ಎರಡೆರಡು ಸಲ ಎಳೆದು ನೋಡಿದಳು. ಎಣ್ಣೆ ಜಿನುಗುತ್ತದೆಯೇ ಎಂದು ನೋಡಲು ಆನಂದಪ್ಪ ಹಿಂದೆಯೇ ಕೂತ. ಮಾಲತೇಶ ಹಗ್ಗ ಎಳೆದು ಮೂತಿಯನ್ನು ಕೆರೆಯ ಕಡೆಗೆ ಹೊರಳಿಸಿ ಕೈಬಿಟ್ಟ. ಅವಳು ಎಂಜಿನ್ ಚಾಲೂ ಮಾಡಿ ವೇಗದ ಹಿಡಿಕೆಯನ್ನು ಮುಂದಕ್ಕೆ ದೂಡಿದಳು.

ದೋಣಿ ನೇರ ಹೋಯಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ ಅವಳು ಇನ್ನಷ್ಟು ದೂಡಿದಳು. ಸಣ್ಣಪ್ಪನ ತೆಪ್ಪ ಎದುರಿಗೆ, ತುಸು ಬಲಕ್ಕಿತ್ತು. ಅವನಿಂದ ದೂರ ಹೋಗೋಣವೆಂದು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ತಿರುಗಿಸಿದಳು.

ಮೂತಿ ಬಲಕ್ಕೆ ವಾಲಿತು.

ಗಾಳಿ ಇರಬೇಕು ಅಂದುಕೊಂಡಳು. ಇನ್ನೂ ಸ್ವಲ್ಪ ಎಡಕ್ಕೆ. ಮೂತಿ ಇನ್ನೂ ಬಲಕ್ಕೆ. ಈಗ ತೆಪ್ಪ ಹೆಚ್ಚುಕಡಿಮೆ ಎದುರಿಗೇ ಬಂತು, ಮೂತಿಯ ಬಲ ಅಂಚಿನಲ್ಲಿ. ಅದರೊಳಗೆ ಬಗ್ಗಿದ ಬೆನ್ನು, ಬಲೆ ಬಿಡುತ್ತಿರುವ ಎರಡು ಕೈ. ಅವಳ ಬಲಗಾಲು ತಾನಾಗಿಯೇ ಬ್ರೇಕ್ ಹುಡುಕಿ ನೆಲವನ್ನು ಒತ್ತಿತು. ದೋಣಿಗೆಲ್ಲಿಯ ಬ್ರೇಕು? ಎಂಜಿನ್ ಹಿಡಿಕೆ ಮೊಣಕೈಯ ಪಕ್ಕದಲ್ಲೇ ಇತ್ತು. ಅದನ್ನು ಹಿಂದಕ್ಕೆಳೆಯಬೇಕೆಂದು ಗೊತ್ತಿತ್ತು, ಆದರೆ ಕೈ ಸ್ಟೇರಿಂಗಿನಿಂದ ಬಿಡಿಸಿಕೊಳ್ಳಲಿಲ್ಲ.

"ಮಾವಾ!" ಎಂದು ಕಿರುಚಿದಳು. ಕಿರುಚಿದ್ದು ಎಂಜಿನ್ನಿನ ಸದ್ದಿನಲ್ಲಿ ಅವಳಿಗೇ ಕೇಳಲಿಲ್ಲ.

ಸಣ್ಣಪ್ಪ ತಲೆ ಎತ್ತಿದ. ಅವನ ಬಾಯಿ ತೆರೆದದ್ದು, ತುಟಿಯ ಬೀಡಿ ನೀರಿಗೆ ಬಿದ್ದದ್ದು ಕಂಡಿತು. ಅವಳ ಎರಡೂ ಕೈ ಸ್ಟೇರಿಂಗನ್ನು ಬಲಕ್ಕೆ, ಅವನ ಕಡೆಗೇ, ಎಳೆದು ತಿರುಗಿಸಿದವು.

ದೋಣಿ ಎಡಕ್ಕೆ ಚಿಮ್ಮಿತು. ತೆಪ್ಪದ ಅಂಚು ತಾಗಿಯೇಬಿಟ್ಟಿತೇನೋ ಎನ್ನುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಎದ್ದ ಅಲೆಗೆ ತೆಪ್ಪ ಮಗುಚಿತು. ಅಷ್ಟರಲ್ಲಿ ಹಿಂದಿನಿಂದ ಎಡವುತ್ತಾ ಬಂದ ಆನಂದಪ್ಪ ಹಿಡಿಕೆಯನ್ನು ಎಳೆದು ಎಂಜಿನ್ ನಿಲ್ಲಿಸಿದ.

ಒಮ್ಮೆಲೇ ಎಷ್ಟು ಸದ್ದಡಗಿತೆಂದರೆ ದಡದಲ್ಲಿ ಮಾಲತೇಶ "ಚಿಗಪ್ಪಾ, ಚಿಗಪ್ಪಾ" ಎನ್ನುತ್ತಾ ಎದೆಮಟ್ಟದ ನೀರಿಗೆ ಇಳಿದು ಬರುವುದು ಸ್ಪಷ್ಟವಾಗಿ ಕೇಳಿಸಿತು. ಬೋರಲಾದ ತೆಪ್ಪದ ಪಕ್ಕದಲ್ಲಿ ತಲೆಯೊಂದು ಮೇಲೆ ಬಂತು. ಕೆಮ್ಮಿತು, ಉಗುಳಿತು.

"ಬದುಕೀನ್ಲೇ! ನಿನಗೆ ಈಜು ಬರಲ್ಲ, ಹಿಂದಕ್ ಹೋಗು!"

ನಾಗಶ್ರೀಗೆ ಅಳು ಬರಲಿಲ್ಲ. ಆನಂದಪ್ಪ ಅವಳ ಬೆರಳುಗಳನ್ನು ಸ್ಟೇರಿಂಗಿನಿಂದ ಬಿಡಿಸಬೇಕಾಯಿತು.

ಸಣ್ಣಪ್ಪ ಈಜಿ ದಡ ಸೇರಿದ. ದೋಣಿಯನ್ನೂ ದಡಕ್ಕೆ ಎಳೆದು ಕಟ್ಟಿದರು. ಆನಂದಪ್ಪ ಎಂಜಿನ್ನಿನ ಹತ್ತಿರ ಕೂತು ಅದನ್ನು ಕೈಯಿಂದ ಆಡಿಸಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಇಳಿಯಿತು.

"ಗಾಲಿ ಅಂದ್ರೆ ಅದ್ರ ಮುಂದಿನ ಅಂಚು ಎತ್ತ ಹೋಗ್ತದೆ ಅಂತ ನೋಡ್ತೀವಿ," ಎಂದ ಮೆಲ್ಲಗೆ. "ಇಲ್ಲಿ ನಾವು ನೋಡಿದ್ದು ಹಿಂದಿನ ತುದಿ, ಫ್ಯಾನು. ಮುಂದಿನದು ಎಡಕ್ಕೆ ಹೋದ್ರೆ ಹಿಂದಿನದು ಬಲಕ್ಕೇ ಹೋಗ್ಬೇಕಲ್ಲ. ಮೊದ್ಲು ಹಾಕಿದ್ದೇ ಸರಿ ಇತ್ತು."

ಮೊದಲು ಹಾಕಿದ್ದೇ ಸರಿ ಇತ್ತು. ಆ ಪ್ರಶ್ನೆ ಕೇಳಿದವಳು ನಾಗಶ್ರೀ. ಎಚ್ಚರವೆಂದುಕೊಂಡೇ ಕೇಳಿದ್ದಳು.

"ತಪ್ಪು ನಂದು ಅಕ್ಕಾ, ಪಾನಾ ಹಿಡಿದವ್ನು ನಾನು," ಎಂದ ಆನಂದಪ್ಪ. ಆಮೇಲೆ ಸಮಾಧಾನ ಹೇಳುವಂತೆ, "ಆದ್ರೂ ಎಂಥಾ ತಲೆ ನಿಮ್ದು! ಆ ಹೊತ್ತಲ್ಲೂ ಉಲ್ಟಾ ಆಗಿದ್ದು ತಿಳ್ಕೊಂಡು ಅವ್ರ ಕಡೆಗೇ ತಿರುಗಿಸಿದ್ರಲ್ಲ."

ಮಾಲತೇಶ ಹೆಮ್ಮೆಯಿಂದಲೋ ಭಯದಿಂದಲೋ ಅವಳ ಭುಜ ಹಿಡಿದ. ಸಣ್ಣಪ್ಪ ಮಾತ್ರ ಅದನ್ನು ಒಪ್ಪಿದಂತೆ ಕಾಣಲಿಲ್ಲ. ಟವೆಲ್ ಹೊದ್ದು ಕಲ್ಲಿನ ಮೇಲೆ ಕೂತವನು ಅವಳನ್ನೇ ನೋಡುತ್ತಿದ್ದ. ಹಲ್ಲು ಕಟಕಟ ಎನ್ನುತ್ತಿದ್ದವು.

"ನಿನ್ ಕೈ ನನ್ ಕಡೀಗೆ ತಿರುಗಿದ್ದು ನಾ ಕಂಡೆ ಕಣವ್ವಾ," ಎಂದ. "ನಮ್ ಸೊಸಿ ನನ್ ಮ್ಯಾಲೇ ದೋಣಿ ಹೊಡಿತಾಳಲ್ಲಪ್ಪ ಅಂದ್ಕಂಡೆ. ಖರೇ ಹೇಳು. ತಿಳಿದೇ ತಿರುಗಿಸಿದ್ಯಾ?"

ನಾಗಶ್ರೀ ಯೋಚಿಸಿದಳು. ಉಲ್ಟಾ ಆಗಿದೆ ಎಂದು ಹೊಳೆದ ಕ್ಷಣವನ್ನು ಹುಡುಕಿದಳು. ಸಿಗಲಿಲ್ಲ. ಬೀಡಿ ಬಿದ್ದದ್ದು ನೆನಪಿತ್ತು, ತೆರೆದ ಬಾಯಿ ನೆನಪಿತ್ತು. ಕಣ್ಣು ಅವನ ಮೇಲಿತ್ತು. ಕೈ ಕಣ್ಣಿನ ಹಿಂದೆಯೇ ಹೋಗಿದ್ದರೂ ಹೋಗಿರಬಹುದು. ಸ್ಟೇರಿಂಗ್ ಸರಿಯಾಗಿದ್ದಿದ್ದರೆ ಅದೇ ಕೈ ಏನು ಮಾಡಿರುತ್ತಿತ್ತು?

ಹೌದು ಮಾವ ಎಂದುಬಿಟ್ಟರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು.

"ಗೊತ್ತಿಲ್ಲ ಮಾವ," ಎಂದಳು. "ನಂಗೆ ಗೊತ್ತಿಲ್ಲ."

ಸಣ್ಣಪ್ಪ ಟವೆಲ್ಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಕಲ್ಲಿನ ಮೇಲೆ ಒಂದು ಕಡೆಗೆ ಸರಿದ. ಅವಳು ಹೋಗಿ ಅವನ ಪಕ್ಕದಲ್ಲಿ ಕೂತಳು. ಆನಂದಪ್ಪ ಪೈಪುಗಳನ್ನು ಬಿಚ್ಚತೊಡಗಿದ್ದ.