ಚನ್ನಮಲ್ಲಮ್ಮನ ವಾಕಿಂಗು, ಬಂಡಳ್ಳಿಯವರ ಪಂಚಾಯ್ತಿ

ಕುಂತೂರಿನ ರುದ್ರಸ್ವಾಮಿಯ ಹೆಂಡತಿ ಚನ್ನಮಲ್ಲಮ್ಮ ಆರೋಗ್ಯ ಕೇಂದ್ರಕ್ಕೆ ಹೋದದ್ದು ಮಂಡಿನೋವಿನ ಮುಲಾಮು ತರುವುದಕ್ಕೆ. ಮುಲಾಮು ಕೊಡುವ ಮೊದಲು ನರ್ಸ್ ಪ್ರೇಮಾ ಅವಳ ಸೊಂಟಕ್ಕೆ ಟೇಪು ಸುತ್ತಿದಳು.

"ರವಿಕೆ ಒಲಿಯಾಕಾ ತಾಯಿ?" ಎಂದು ಚನ್ನಮಲ್ಲಮ್ಮ ನಕ್ಕಳು.

"ಅಲ್ಲಮ್ಮ. ಮೂವತ್ತು ದಾಟಿದೋರಿಗೆಲ್ಲ ಸಕ್ಕರೆ ಕಾಯಿಲೆ ಬರೋ ಹಾಗಿದೆಯಾ ಅಂತ ಮೊದಲೇ ನೋಡ್ತಾ ಇದ್ದೀವಿ. ದಿನಾ ಮೈ ಬಗ್ಗಿಸಿ ಕೆಲಸ ಮಾಡ್ತೀರಾ?"

ಚನ್ನಮಲ್ಲಮ್ಮನಿಗೆ ರೇಗಿತು. "ಎದ್ದಾಗ್ಲಿಂದ ಮಲಗೋಗಂಟ ಕುಂತೋಳಲ್ಲ ನಾನು!"

"ಕಸ ಗುಡಿಸೋದು?"

"ಆಳು."

"ನೀರು ಸೇದೋದು?"

"ಮೋಟ್ರು."

"ರುಬ್ಬೋದು?"

"ಮಿಕ್ಸಿ," ಎನ್ನುವಷ್ಟರಲ್ಲಿ ಅವಳ ದನಿ ತಾನಾಗಿ ತಗ್ಗಿತ್ತು. ಇಷ್ಟು ವರ್ಷ ತಾನು ಗಾಣದೆತ್ತಿನ ಹಾಗೆ ದುಡಿಯುತ್ತಿದ್ದೇನೆಂದು ಗಂಡನಿಗೂ ನೆಂಟರಿಗೂ ಹೇಳಿಕೊಂಡು ಬಂದವಳು, ಈ ಹುಡುಗಿಯ ಮುಂದೆ ಸೆರಗು ಸರಿಮಾಡಿಕೊಂಡಳು.

ಅಪ್ಪ ಅವ್ವನಿಗೆ ಸಕ್ಕರೆ ಕಾಯಿಲೆ ಇತ್ತೇ ಎಂಬ ಪ್ರಶ್ನೆ ಬಂದಾಗ ಇದ್ದ ಸ್ವಲ್ಪ ನಗುವೂ ಹೋಯಿತು. ಬಂಡಳ್ಳಿಯ ತವರಿನಲ್ಲಿ ಅವ್ವ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡಿದ್ದಳು. ಸಾಯುವ ತನಕ, ಮಗಳು ಹೋದರೆ ಮುಖ ತಡವಿ ಗುರುತು ಹಿಡಿಯುತ್ತಿದ್ದಳು. ತಟ್ಟೆಯಲ್ಲಿ ಮುದ್ದೆ ಯಾವ ಕಡೆ ಇದೆ ಎಂದು ಕೇಳುತ್ತಿದ್ದಳು. ಚನ್ನಮಲ್ಲಮ್ಮನಿಗೆ ಸಾಯುವ ಭಯ ಅಷ್ಟಿಲ್ಲ. ಹಾಗೆ ಬದುಕುವ ಭಯ ಮಾತ್ರ ಬಹಳ ಇತ್ತು.

ಪ್ರೇಮಾ ಬೆರಳು ಚುಚ್ಚಿ ರಕ್ತ ನೋಡಿದಳು. "ಕಾಯಿಲೆ ಇನ್ನೂ ಬಂದಿಲ್ಲಮ್ಮ. ಬಾಗಿಲಿನ ತನಕ ಬಂದಿದೆ, ಅಷ್ಟೇ. ಮಾತ್ರೆ ಬೇಡ. ದಿನಾ ಬೆಳಿಗ್ಗೆ ಬಿರಬಿರನೆ ನಡೀರಿ, ಸಕ್ಕರೆ ಕಡಿಮೆ ಮಾಡಿ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ."

ಮಾತ್ರೆ ನುಂಗು ಎಂದಿದ್ದರೆ ಸುಲಭವಾಗಿತ್ತು. ನಡೆಯುವುದು ಹೇಗೆ? ವಿಷಯ ಕೇಳಿದ ರುದ್ರಸ್ವಾಮಿ ಹುಬ್ಬು ಗಂಟಿಕ್ಕಿದ. "ಮನೇಲಿ ಕಾರ್ ಅದೆ, ಟ್ರಾಕ್ಟರ್ ಅದೆ. ನಮ್ಮನೆ ಎಂಗ್ಸು ಕೆಲ್ಸ ಇಲ್ದೆ ರೋಡಲ್ಲಿ ತಿರುಗುದ್ರೆ ನೋಡ್ದೋರು ಏನಂದಾರು? ನಡಿಯಂಗಿದ್ರೆ ಇತ್ಲಲ್ಲಿ ನಡಿ."

ಚನ್ನಮಲ್ಲಮ್ಮ ಹಿತ್ತಿಲಲ್ಲಿ ಸುತ್ತಿ ನೋಡಿದಳು. ಅವಳು ಹತ್ತಿರ ಬಂದಾಗಲೆಲ್ಲ ಹುಲ್ಲು ತಂದಳೆಂದುಕೊಂಡು ಎಮ್ಮೆ ಕೂಗಿ ಕೂಗಿ ಬೀದಿ ಒಂದು ಮಾಡಿತು. ಮಾರನೆಯ ದಿನ ಗಂಡ ಗದ್ದೆಗೆ ಹೋದದ್ದೇ ತಡ, ಅವಳು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಳು.

ನಮ್ಮ ಕಡೆ ಬರಿಗೈಯಲ್ಲಿ ನಡೆಯುವ ಹೆಂಗಸನ್ನು ಯಾರೂ ಸುಮ್ಮನೆ ಹೋಗಲು ಬಿಡುವುದಿಲ್ಲ. ಕೆಲಸವಿಲ್ಲ ಎಂದಮೇಲೆ ಒಳಗೆ ಬಂದು ಕಾಫಿ ಕುಡಿಯುವುದಕ್ಕೇನು ಕಷ್ಟ? "ಬಾ ಚನ್ನಮಲ್ಲಿ" ಎಂದು ಅದೇ ಬೀದಿಯ ಮಹಾದೇವಮ್ಮ ಜಗುಲಿಯಿಂದಲೇ ಕೈಹಿಡಿದು ಎಳೆದಳು. ಸಕ್ಕರೆ ಬೇಡವೆಂದರೆ, "ಯಾಕೆ, ನಮ್ಮನೆ ಸಕ್ರೆ ಕಹಿಯಾ?" ಎಂದು ಮೂತಿ ತಿರುಗಿಸಿ ಇನ್ನೊಂದು ಚಮಚ ಜಾಸ್ತಿ ಹಾಕಿದಳು. ಅಲ್ಲಿ ಕುಡಿದದ್ದನ್ನು ಕಂಡ ಎದುರು ಮನೆಯವರು ಬಿಟ್ಟಾರೆಯೇ? ಆ ಬೀದಿ ಮುಗಿಯುವುದರೊಳಗೆ ಚನ್ನಮಲ್ಲಮ್ಮ ಒಂದು ವಾರದ ಸಕ್ಕರೆ ಕುಡಿದು, ನಡೆಯಲಾರದೆ ನಡೆದು ಮನೆಗೆ ಬಂದಳು.

ಅವಳೂ ಕಡಿಮೆಯವಳಲ್ಲ. ಕೈಯಲ್ಲೊಂದು ಬ್ಯಾಗಿದ್ದರೆ ಏನೋ ಕೆಲಸದ ಮೇಲೆ ಹೊರಟಿದ್ದಾಳೆ ಎಂದು ಯಾರೂ ತಡೆಯುವುದಿಲ್ಲ ಎಂದು ಹೊಳೆಯಿತು. ಮದುವೆಗೆ ಹೋಗುವಾಗ ಒಯ್ಯುವ ದೊಡ್ಡ ಬ್ಯಾಗಿಗೆ ಹಳೆಯ ಗೋಣಿಚೀಲ ತುರುಕಿ ಉಬ್ಬಿಸಿಕೊಂಡು ಹೊರಟಳು. ಒಬ್ಬರೂ ಕರೆಯಲಿಲ್ಲ! ಸಕ್ಕರೆ ಕಾರ್ಖಾನೆಯ ಹತ್ತಿರದ ಬಸ್‌ಸ್ಟಾಪಿನ ತನಕ ಬಿರಬಿರನೆ ನಡೆದು, ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು, ಸೆರಗಿನಿಂದ ಮುಖ ಒರೆಸಿ ವಾಪಸ್ಸು ಬಂದಳು. ಮೈ ಹಗುರಾಗಿತ್ತು. ಬೆಳಗಿನ ಗಾಳಿಯಲ್ಲಿ ಒಬ್ಬಳೇ ನಡೆಯುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ದಿನವೂ ಅದೇ ರೂಢಿಯಾಯಿತು.

ಆದರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಸರದಿ ಬರುವ ತನಕ ಡ್ರೈವರುಗಳಿಗೆ ಬೀಡಿ ಸೇದುವುದು, ದಾರಿಯಲ್ಲಿ ಹೋಗಿಬರುವವರನ್ನು ನೋಡುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಅವರಲ್ಲಿ ಬಂಡಳ್ಳಿಯ ಕಬ್ಬು ತರುವ ನಟರಾಜುವೂ ಇದ್ದ. ತಮ್ಮೂರ ಮಗಳು ಉಬ್ಬಿದ ಬ್ಯಾಗು ಹಿಡಿದು ದಿನಾ ಬಸ್‌ಸ್ಟಾಪಿಗೆ ಬರುವುದನ್ನೂ, ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸು ಹತ್ತದೆ ಹಿಂದಿರುಗುವುದನ್ನೂ ಅವನು ಕಣ್ಣಾರೆ ಕಂಡ. ಇದಕ್ಕೆ ಅರ್ಥ ಹೇಳಿಕೊಡಲು ಯಾವ ಪಂಡಿತ ಬೇಕು?

ಸೋಮವಾರ ಮಧ್ಯಾಹ್ನ ರುದ್ರಸ್ವಾಮಿಯ ಮನೆಯ ಮುಂದೆ ಜೀಪೊಂದು ಬಂದು ನಿಂತಿತು. ಚನ್ನಮಲ್ಲಮ್ಮನ ತಮ್ಮ ಶಾಂತಮೂರ್ತಿ ಇಳಿದ. ಹಿಂದೆಯೇ ಬಂಡಳ್ಳಿಯ ಹಿರಿಯ ಶಿವಮಲ್ಲಪ್ಪ, ಅವರ ಜೊತೆಗೆ ಇನ್ನೂ ಕೆಲವು ಯಜಮಾನರು. ಎಲ್ಲರೂ ಜಗುಲಿಯ ಮೇಲೆ ಗಂಭೀರವಾಗಿ ಕೂತರು. ಚನ್ನಮಲ್ಲಮ್ಮ ಸಂಭ್ರಮದಿಂದ ಕಾಫಿ ತಂದರೆ ಒಬ್ಬರೂ ಲೋಟ ಮುಟ್ಟಲಿಲ್ಲ. ನ್ಯಾಯಕ್ಕೆ ಬಂದವರು ತೀರ್ಮಾನವಾಗುವ ತನಕ ಆ ಮನೆಯ ನೀರನ್ನೂ ಕುಡಿಯುವುದಿಲ್ಲ.

"ಭಾವ," ಎಂದ ಶಾಂತಮೂರ್ತಿ, ಗದ್ದೆಯಿಂದ ಆಗಷ್ಟೇ ಬಂದು ಕಣ್ಣು ಕಣ್ಣು ಬಿಡುತ್ತಿದ್ದ ರುದ್ರಸ್ವಾಮಿಯತ್ತ ತಿರುಗಿ. "ನಮ್ಮಕ್ಕ ನಿಮಗೇನ್ ಅನ್ಯಾಯ ಮಾಡವ್ಳೆ? ದಿನಾ ಬ್ಯಾಗ್ ತಕಂಡು ಬಸ್‌ಸ್ಟಾಪಲ್ಲಿ ಕುಂತು ಕಣ್ಣೊರೆಸ್ಕಂಡು ವಾಪಸ್ ಓಯ್ತಾಳಂತೆ. ತವರು ಇನ್ನೂ ಬದುಕದೆ. ಅವ್ಳ ಕರ್ಕಂಡೋಗಾಕೆ ಬಂದ್ವಿ."

ಚನ್ನಮಲ್ಲಮ್ಮ ಕಂಬ ಹಿಡಿದುಕೊಂಡು ನಗತೊಡಗಿದಳು. "ಕಣ್ಣಲ್ಲ ಕಣ್ಲಾ, ಬೆವರು! ಬೆವರೊರೆಸ್ಕಂಡಿದ್ದು!" ಒಳಗೆ ಓಡಿ ಬ್ಯಾಗು ತಂದು ಯಜಮಾನರ ಮುಂದೆ ಸುರಿದಳು. ಗೋಣಿಚೀಲ ಬಿದ್ದವು, ಒಂದು ಜಿರಲೆಯೂ ಬಿತ್ತು. ಟೇಪಿನಿಂದ ಹಿಡಿದು ಕಾಫಿಯ ತನಕ ನಡೆದದ್ದನ್ನೆಲ್ಲ ಹೇಳಿದಳು. ಯಜಮಾನರು ಮೀಸೆಯಲ್ಲೇ ನಕ್ಕರು.

ಹೋದ ಜೀವ ಬಂದಂತಾದ ರುದ್ರಸ್ವಾಮಿಗೆ ಜೊತೆಗೆ ಗತ್ತೂ ಬಂತು. "ಬ್ಯಾಡ ಅಂದಿದ್ದೆ, ಕೇಳ್ಲಿಲ್ಲ. ಈಗ ಎರಡೂರಲ್ಲೂ ಮಾನ ಓಯ್ತು. ನಾಳೆಯಿಂದ ಇದು ಬಂದ್." ಯಜಮಾನರಲ್ಲಿ ಒಬ್ಬಿಬ್ಬರು ತಲೆ ಆಡಿಸಿದರು.

ಚನ್ನಮಲ್ಲಮ್ಮನ ನಗು ನಿಂತಿತು. ಹಿರಿಯರ ಮುಂದೆ ಅವಳು ಎಂದೂ ಎದುರು ಮಾತಾಡಿದವಳಲ್ಲ. ಇವತ್ತು ಸುಮ್ಮನಿದ್ದರೆ ನಾಳೆಯಿಂದ ಬಾಗಿಲು ಮುಚ್ಚುತ್ತದೆ, ಆಮೇಲೆ ಕಣ್ಣೂ ಮುಚ್ಚುತ್ತದೆ ಎನಿಸಿತು. "ನಮ್ಮವ್ವ ಎಂಗ್ ಬದುಕಿದ್ಲು ಅನ್ನದ್ನ ನೀವೆಲ್ಲ ಕಂಡಿದ್ದೀರಿ," ಎಂದಳು. "ನಂಗೂ ಅದು ಬಾಗಿಲಿಗೆ ಬಂದು ನಿಂತದೆ. ನಡದ್ರೆ ಒಂಟೋಯ್ತದಂತೆ. ಮಾನ ಓದ್ರೆ ಒಂದ್ ತಿಂಗ್ಳು ಆಡ್ಕತಾರೆ, ಕಣ್ ಓದ್ರೆ ನಂಗ್ಯಾರ್ ಕೊಡ್ತಾರೆ? ನಾನು ಬುಡಾಕಿಲ್ಲ. ನಡದೇ ನಡೀತೀನಿ."

ರುದ್ರಸ್ವಾಮಿ ಹೆಗಲ ಟವೆಲನ್ನು ತೆಗೆದು ಮಡಿಸಿದ, ಮತ್ತೆ ಬಿಡಿಸಿದ. "ಅತ್ತೆ ನನ್ ಮೊಖ ತಡವಿ, ಸೊರಗಿದ್ದೀಯಲ್ಲಪ್ಪ ಅಂತಿದ್ರು," ಎಂದ ಮೆಲ್ಲಗೆ. "ಈ ಮೊಖಾನ! ಕಣ್ ಕಾಣ್ದಿದ್ಕೇ ಅಲ್ವಾ ಅಂಗಂದಿದ್ದು. ಬ್ಯಾಡ ಕನಮ್ಮಿ, ನಿಂಗೆ ಅದು ಬ್ಯಾಡ." ಅವನ ದುಂಡು ಮುಖ ಕೆಂಪಾಗಿತ್ತು. ಚನ್ನಮಲ್ಲಮ್ಮನಿಗೆ ಆ ಗಳಿಗೆಯಲ್ಲಿ ಗಂಡನ ಮೇಲೆ ಉಕ್ಕಿದಷ್ಟು ಪ್ರೀತಿ ಮದುವೆಯ ಹೊಸದರಲ್ಲೂ ಉಕ್ಕಿರಲಿಲ್ಲ.

ಶಿವಮಲ್ಲಪ್ಪ ಗಂಟಲು ಸರಿಮಾಡಿಕೊಂಡರು. "ನ್ಯಾಯ ಅಂತ ಕುಂತಮ್ಯಾಲೆ ತೀರ್ಮಾನ ಕೊಡ್ದೆ ಏಳಂಗಿಲ್ಲ. ನಮ್ಮೂರ ಮಗಳು ಒಬ್ಳೇ ರೋಡಲ್ಲಿ ನಡಿಯಂಗಿಲ್ಲ." ಚನ್ನಮಲ್ಲಮ್ಮನ ಮುಖ ಬಾಡಿತು. ಶಿವಮಲ್ಲಪ್ಪ ರುದ್ರಸ್ವಾಮಿಯ ಹೊಟ್ಟೆಯನ್ನು ಒಮ್ಮೆ ಅಳೆದು ನೋಡಿ ಮುಗಿಸಿದರು: "ಗಂಡನೂ ಜೊತೇಲಿ ನಡೀಬೇಕು. ತಪ್ಪುದ್ರೆ ನಾವು ಮತ್ತೆ ಬತ್ತೀವಿ."

ಜಗುಲಿ ನಗೆಯಲ್ಲಿ ಮುಳುಗಿತು. ಆರಿದ ಕಾಫಿಯನ್ನು ಬಿಸಿಮಾಡಿ ತಂದದ್ದಾಯಿತು, ಎಲ್ಲರೂ ಕುಡಿದದ್ದಾಯಿತು. ಶಾಂತಮೂರ್ತಿಯ ಲೋಟ ಮಾತ್ರ ಹಾಗೇ ಇತ್ತು. ಅವನು ಎದ್ದು ಹೋಗಿ ಜೀಪಿನ ಮರೆಯಲ್ಲಿ ನಿಂತಿದ್ದ. ಅಕ್ಕ ಹತ್ತಿರ ಹೋದಾಗ ತಲೆ ಎತ್ತಲಿಲ್ಲ.

"ಅಕ್ಕ, ನಂಗೂ ಅದೇ ಅವ್ವ ಅಲ್ವಾ?"

ಅವಳಿಗೆ ಇದು ಇಷ್ಟು ದಿನ ಹೊಳೆದೇ ಇರಲಿಲ್ಲ. ಜೀಪಿನ ತುಂಬ ಜನ ಕಟ್ಟಿಕೊಂಡು ಅಬ್ಬರಿಸಿ ಬಂದಿದ್ದ ತಮ್ಮ ಈಗ ಚಿಕ್ಕವನಂತೆ ಕಂಡ. "ಎದ್ರಿಕೊಂಡು ಆಸ್ಪತ್ರೆ ಕಡೆ ಕಾಲೇ ಇಟ್ಟಿಲ್ಲ ಕನಕ್ಕ. ಅದೆ ಅಂದ್ಬುಟ್ರೆ ಏನ್ ಮಾಡದು?"

ಅವಳು ಅವನ ರಟ್ಟೆ ಹಿಡಿದಳು. "ಜೀಪ್ ಇರ್ಲಿ. ನಡ್ಕಂಡೇ ಓಗಣ, ನಡಿ."

ಮುಂದೆ ಅಕ್ಕ ತಮ್ಮ, ಹಿಂದೆ ರುದ್ರಸ್ವಾಮಿ, ಅವನ ಹಿಂದೆ ಕುತೂಹಲ ತಡೆಯಲಾರದ ಬಂಡಳ್ಳಿಯ ಪಂಚಾಯ್ತಿ. ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ಆರೋಗ್ಯ ಕೇಂದ್ರದಲ್ಲಿ ಪ್ರೇಮಾ ಈ ದಂಡು ಕಂಡು ಮೊದಲು ಗಾಬರಿಯಾದಳು, ಆಮೇಲೆ ಟೇಪು ತೆಗೆದಳು. ಯಜಮಾನರೆಲ್ಲ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರು. "ಉಸಿರು ಬಿಡಿ ಸ್ವಾಮಿ, ಆಮೇಲೆ ಅಳೀತೀನಿ," ಎಂದು ಅವಳು ಕಾದಳು. ಹೊಟ್ಟೆಗಳು ಒಂದೊಂದಾಗಿ ಸ್ವಸ್ಥಾನಕ್ಕೆ ಬಂದವು.

ಶಾಂತಮೂರ್ತಿಯ ಬೆರಳು ಚುಚ್ಚಿದಾಗ ಚನ್ನಮಲ್ಲಮ್ಮ ಅವನ ಇನ್ನೊಂದು ಕೈ ಹಿಡಿದುಕೊಂಡಿದ್ದಳು. ಪ್ರೇಮಾ ಯಂತ್ರ ನೋಡಿದಳು. "ನಿಮ್ಮಕ್ಕನಿಗಿಂತ ಸ್ವಲ್ಪ ಮೇಲೇ ಇದೆ. ಆದ್ರೂ ಇನ್ನೂ ಕಾಯಿಲೆ ಅನ್ನೋ ಹಾಗಿಲ್ಲ. ಒಳ್ಳೇ ಹೊತ್ತಿಗೆ ಬಂದ್ರಿ."

ಶಾಂತಮೂರ್ತಿ ಹಿಡಿದಿದ್ದ ಉಸಿರು ಬಿಟ್ಟ. ಕಣ್ಣಲ್ಲಿ ನೀರು ತುಂಬಿತು, ಅವನು ಒರೆಸಿಕೊಳ್ಳಲಿಲ್ಲ. "ನಾಳೆಯಿಂದ ಬಂಡಳ್ಳೀಲಿ ನಾನೂ ನಡೀತೀನಿ ಕನಕ್ಕ. ಆಣೆಗೂ."

"ನಡೀಲಿಲ್ಲ ಅಂತ ಗೊತ್ತಾದ್ರೆ," ಎಂದಳು ಚನ್ನಮಲ್ಲಮ್ಮ, ತಮ್ಮನ ತಲೆಗೆ ಮೆಲ್ಲಗೆ ಮೊಟಕಿ, "ಕುಂತೂರ ಯಜಮಾನ್ರನೆಲ್ಲ ಕರ್ಕಂಡು ನಿನ್ ಮನೆ ಜಗುಲೀಲಿ ಬಂದು ಕುಂತ್ಕತೀನಿ ಕಣ್ಲಾ. ನೀರೂ ಮುಟ್ಟಾಕಿಲ್ಲ!"