ನಾಲ್ಕನೆಯ ಗೀಟು

ಮುಳ್ಳು ಸೊನ್ನೆಯ ಮೇಲಿಲ್ಲ, ಕಿಟಕಿಯ ಬಿಸಿಲು ಗಾಜಿಗೆ ಬಡಿದು ಹಾಗೆ ಕಾಣುತ್ತಿರಬೇಕು ಎಂದುಕೊಂಡು ನಾಗರತ್ನ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಸರಿದರೂ ಅಲ್ಲೇ, ಸೊನ್ನೆ ದಾಟಿ ನಾಲ್ಕನೆಯ ಗೀಟಿನ ಮೇಲೆ — ಗೀಟಿಗೆ ನೂರು ಗ್ರಾಮು — ಅಂಗನವಾಡಿಯ ತೊಲೆಗೆ ತೂಗುಬಿಟ್ಟ ಮಕ್ಕಳ ತಕ್ಕಡಿ, ಗೋಡೆ ಗಡಿಯಾರದಂಥ ದುಂಡು ಮುಖ, ಒಳಗೊಂದು ಸ್ಪ್ರಿಂಗು, ಕೆಳಗಿನ ಕೊಕ್ಕೆಯಲ್ಲಿ ಏನೂ ಇಲ್ಲ, ಮಕ್ಕಳನ್ನು ಕೂರಿಸುವ ಬಟ್ಟೆಯ ಜೋಳಿಗೆಯನ್ನು ಸಹಾಯಕಿ ರೇವಮ್ಮ ಒಗೆದು ಬೇಲಿಯ ಮೇಲೆ ಹರವಿದ್ದಾಳೆ, ಏನೂ ಇಲ್ಲದ ಕೊಕ್ಕೆಗೆ ನಾನೂರು ಗ್ರಾಮು ಎಲ್ಲಿಂದ ಬಂತು. ಕೊಕ್ಕೆ ಬರಿದಾಗಿದ್ದಾಗ ಮುಳ್ಳನ್ನು ತಾನು ಕಡೆಯ ಸಲ ನೋಡಿದ್ದು ಯಾವಾಗ, ನೆನಪಾಗುತ್ತಿಲ್ಲ, ಮಗು ಜೋಳಿಗೆಯಲ್ಲಿ ಕೂತು ಅಳು ನಿಲ್ಲಿಸಿದ ಮೇಲೆಯೇ ತಲೆಯೆತ್ತುವುದು, ಜೋಳಿಗೆಯ ನೂರು ಗ್ರಾಮು ಕಳೆದು ಬರೆಯುವುದು, ಅಷ್ಟು ನಿಯತ್ತು, ಅಷ್ಟೊಂದು ನಿಯತ್ತು. ಒಳಮನೆಯಿಂದ ಒಂದು ಕೆಜಿಯ ಉಪ್ಪಿನ ಪ್ಯಾಕೆಟ್ಟು ತಂದು ಕವರಿನಲ್ಲಿ ತೂಗುಹಾಕಿದಳು, ಒಂದು ಕೆಜಿ ನಾನೂರು, ಎರಡು ಹಾಕಿದರೆ ಎರಡು ಕೆಜಿ ನಾನೂರು, ತೆಗೆದರೆ ಮುಳ್ಳು ಗಡಗಡ ನಡುಗಿಕೊಂಡು ಹಿಂದಕ್ಕೆ ಓಡಿಬಂತು, ಹಟ್ಟಿಗೆ ಬರುವ ದನದ ಹಾಗೆ, ಬಂದು ನಿಂತದ್ದು ಮಾತ್ರ ನಾಲ್ಕನೆಯ ಗೀಟಿನಲ್ಲಿ. ಹಿಂದಕ್ಕೆ ಬರುವುದನ್ನು ಅದು ಮರೆತಿಲ್ಲ, ಎಲ್ಲಿಗೆ ಬರಬೇಕು ಎಂಬುದನ್ನು ಮರೆತಿದೆ. ಓದುತ್ತಿದ್ದಾಗ ಮಳವಳ್ಳಿ ಕಾಲೇಜಿನಲ್ಲಿ ರಾಜೇಂದ್ರ ಮೇಷ್ಟ್ರು ಒಂದು ತಾಮ್ರದ ತಂತಿ ಹಿಡಿದು ನಿಂತಿದ್ದರು, ಚೂರು ಬಗ್ಗಿಸಿ ಬಿಟ್ಟರು, ನೆಟ್ಟಗಾಯಿತು, ನೋಡ್ರಮ್ಮ ಇದು ಸ್ಥಿತಿಸ್ಥಾಪಕತೆ, ಇನ್ನೂ ಬಗ್ಗಿಸಿ ಬಿಟ್ಟರು, ಬಾಗಿದ್ದು ಬಾಗಿದ ಹಾಗೇ ನಿಂತಿತು, ಎಲ್ಲ ಲೋಹಕ್ಕೂ ಒಂದು ಮಿತಿ ಅಂತ ಇದೆ, ಅಲ್ಲಿವರೆಗೆ ಅದು ತನ್ನ ಆಕಾರ ನೆನಪಿಟ್ಕೊಂಡಿರುತ್ತೆ, ದಾಟಿದ ಮೇಲೆ ನಿಮ್ಮ ಭಾರವನ್ನ ನೆನಪಿಟ್ಕೊಳ್ಳುತ್ತೆ — ಹಿಂದಿನ ಬೆಂಚಿನಿಂದ ಯಾರೋ ಮುದ್ದೆ ಥರ ಅಲ್ವಾ ಸಾರ್ ಎಂದರು, ಎಲ್ಲರೂ ನಕ್ಕರು, ಮೇಷ್ಟ್ರು ನಗಲಿಲ್ಲ, ಹೂಂ, ರಾಗಿ ಮುದ್ದೆಗೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಲ್ಲ, ಅದೇ, ಕಬ್ಬಿಣಕ್ಕೂ ಆ ಗುಣ ಒಳಗೆ ಇದೆ, ನಾವು ಅಲ್ಲಿವರೆಗೆ ಎಳೆಯಬಾರದು ಅಷ್ಟೆ. ಅವಳು ಆ ಉದ್ದನೆಯ ಪದವನ್ನು ತಾತ ಓದುವ ಪದ್ಯದ ಹಾಗೆ ಗುನುಗಿ ಗುನುಗಿ ಬಾಯಿಪಾಠ ಮಾಡಿದ್ದಳು, ಇದ್ದ ಸ್ಥಿತಿಯನ್ನು ಮತ್ತೆ ಸ್ಥಾಪಿಸುವುದು, ದೇವರನ್ನು ಪೀಠದಲ್ಲಿ ಕೂರಿಸಿದ ಹಾಗೆ ಕೇಳಿಸುತ್ತಿತ್ತು.

ಅಲ್ಲಿವರೆಗೆ ಎಳೆದವರು ಯಾರು ಎಂದು ಹುಡುಕುವ ಕಷ್ಟವೇ ಇಲ್ಲ. ಯುಗಾದಿಯ ಮಾರನೆಯ ದಿನ, ವರ್ಷತೊಡಕು, ಊರೆಲ್ಲ ಪಾಲು ಹಾಕಿದ ಗುಡ್ಡೆ ಮಾಂಸಕ್ಕೆ ಪಾತ್ರೆ ಹಿಡಿದು ನಿಂತಿತ್ತು, ಮೇಲಿನ ಬೀದಿಯ ಶಿವರಾಜು ಬೆಳಗ್ಗೆಯೇ ಅವಳ ಮನೆ ಬಾಗಿಲಿಗೆ ಬಂದ, ಟೀಚರಮ್ಮ ಒಂದ್ಗಳಿಗೆ ಆ ತಕ್ಕಡಿ ಕೊಡಿ, ಟಗರು ತೂಗ್ಬುಟ್ಟು ತಂದ್ಕೊಡ್ತೀನಿ, ಮಾರೋನು ನಲವತ್ತು ಕೆಜಿ ಅಂತಾನೆ, ನಮ್ಮೋರು ಮೂವತ್ತೈದೂ ಇಲ್ಲ ಅಂತಾರೆ, ಅಬ್ಬದ ದಿನ ಜಗಳ ಯಾಕೆ. ಅವಳು ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು, ಎಣ್ಣೆಗೈಯಲ್ಲೇ ಗೂಟದಿಂದ ಬೀಗದ ಕೈ ತೆಗೆದುಕೊಟ್ಟಳು, ತಕ್ಕಡಿಯ ಮುಖದ ಮೇಲೆ ಇಪ್ಪತ್ತೈದು ಕೆಜಿ ಎಂದು ದಪ್ಪಕ್ಷರದಲ್ಲಿ ಬರೆದಿದೆ, ದಿನಾ ಕಾಣುವುದು ಓದುವುದಕ್ಕೆ ಬರುವುದಿಲ್ಲ. ಬನ್ನೂರು ಟಗರು, ಗಿಡ್ಡ ಕಾಲು, ಕಾಲು ನಾಲ್ಕೂ ಕಟ್ಟಿ ಹುಣಸೆಕೊಂಬೆಗೆ ನೇತುಹಾಕಿದಾಗ ಒದ್ದಾಡಿತಂತೆ, ಮುಳ್ಳು ಒಂದು ಸುತ್ತು ತಿರುಗಿ ಮತ್ತೆ ಮುಂದಕ್ಕೆ ಹೋಯಿತಂತೆ, ನಿಂತವರೆಲ್ಲ ಕೈ ತಟ್ಟಿದರಂತೆ. ತಕ್ಕಡಿ ಒರೆಸಿಕೊಂಡು ವಾಪಸ್ಸು ಬಂತು, ಜೊತೆಗೆ ಮುತ್ತುಗದ ಎಲೆಯಲ್ಲಿ ಒಂದು ಗುಡ್ಡೆ, ಬೇಡ ಎನ್ನಲಿಲ್ಲ, ಆವತ್ತಿನ ಸಾರು ರುಚಿಯಾಗಿಯೇ ಇತ್ತು.

ರಿಜಿಸ್ಟರು ತೆಗೆದಳು, ಹನ್ನೊಂದು ಮಕ್ಕಳು, ಒಂದೊಂದು ಹೆಸರಿನ ಮುಂದೆ ನಾಲ್ಕು ಗೀಟು ಕಳೆಯುತ್ತ ಬಂದಳು, ಹತ್ತು ಮಕ್ಕಳು ಕಳೆದರೂ ತೂಕ ಸಾಕೆನ್ನುವ ಹಸಿರು ಪಟ್ಟಿಯಲ್ಲೇ ಉಳಿದವು, ಹನ್ನೊಂದನೆಯದು ಗಗನ, ಹೊಂಗೆಮರದ ಮನೆಯ ವೀಣಳ ಮಗಳು, ಎಂಟು ತಿಂಗಳು. ಯುಗಾದಿಗೆ ಮೊದಲು ಐದು ಕೆಜಿ ಏಳುನೂರು, ಆಮೇಲೆ ಆರು ಕೆಜಿ ನೂರು, ಆ ತಿಂಗಳು ಏರಿದ್ದು ಮಗುವಲ್ಲ, ಸ್ಪ್ರಿಂಗು. ಹೋದ ತಿಂಗಳು ವೀಣ ಅಂಗಿ ಎತ್ತಿ ಮಗುವಿನ ಸೊಂಟ ತೋರಿಸಿದ್ದಳು, ಉಡಿದಾರ ನೋಡಿ ಟೀಚರಮ್ಮ, ಕಟ್ಟ್ದಾಗ ಒಂದು ಬೆರ್ಳು ಓಗ್ತಿರ್ಲಿಲ್ಲ, ಈಗ ಎಲ್ಡು ಓಯ್ತವೆ, ಮಗು ಸೊರಗ್ತಾ ಅದೆ. ಅವಳ ಅತ್ತೆ ಮಂಗಳಮ್ಮ ಪಕ್ಕದಲ್ಲೇ ನಿಂತು, ತಕ್ಕಡಿಗೆ ಗೊತ್ತಿಲ್ದಿದ್ದು ಇವಳ ಬೆರ್ಳಿಗೆ ಗೊತ್ತು, ಸುಮ್ಕಿರಮ್ಮಿ ಸಾಕು, ಎಂದು ಸೊಸೆಯ ಬಾಯಿ ಮುಚ್ಚಿಸಿದಳು, ಮುಚ್ಚಿಸಿದ್ದು ಅತ್ತೆಯೇ, ಆದರೆ ಮುಳ್ಳಿನ ಕಡೆ ಬೆರಳು ಮಾಡಿ ತೋರಿಸಿದ್ದು ಯಾರು. ಆರು ಕೆಜಿ ಮುನ್ನೂರು, ಹಸಿರು, ಹೋಗಿ ಬಾ. ವೀಣ ಉಡಿದಾರವನ್ನು ಒಂದು ಗಂಟು ಬಿಗಿ ಮಾಡಿಕೊಂಡು ಹೋದಳು.

ಅದರ ತಲೆ ಮೇಲೊಂದು ತಿರುಪು ಐತಲ್ಲ, ಎಂದಳು ರೇವಮ್ಮ, ಕಸ ಗುಡಿಸುತ್ತಿದ್ದವಳು ಯಾವಾಗ ಬಂದು ಹಿಂದೆ ನಿಂತಳೋ, ತಿರುಗ್ಸುದ್ರೆ ಸೊನ್ನೆಗೆ ಬತ್ತದೆ ಕಣಮ್ಮ, ಇವತ್ತಿಂದ ಸರಿಯಾಗ್ ತೂಗಿ, ಆಗೋಗಿದ್ದು ಯಾರ್ ಕೇಳ್ತಾರೆ. ಕೇಳುವುದಿಲ್ಲ, ಯಾರೂ ಕೇಳುವುದಿಲ್ಲ, ಮಂಡ್ಯದ ಆಫೀಸಿನವರು ಹಾಳೆಯ ಬಣ್ಣ ನೋಡುತ್ತಾರೆ, ಕೆಲಸ ಉಳಿಯುತ್ತದೆ, ಟೀಚರಮ್ಮ ಎಂಬ ಹೆಸರೂ ಉಳಿಯುತ್ತದೆ, ಮಗು ಒಂದೇ ತಿಂಗಳಲ್ಲಿ ಇಳಿಯಿತು ಎಂದರಾಯಿತು, ಭೇದಿಯಾಗಿತ್ತೇನೋ, ವೀಣ ಸರಿಯಾಗಿ ಉಣಿಸಲಿಲ್ಲವೇನೋ — ಹಾಗಾದರೆ ಮಂಗಳಮ್ಮನ ಬಾಯಿಗೆ ಸಿಗುವವಳು ವೀಣಳೇ. ಸ್ಟೂಲು ಹತ್ತಿ ನಾಗರತ್ನ ತಿರುಪಿನ ಮೇಲೆ ಎರಡು ಬೆರಳಿಟ್ಟಳು, ತಣ್ಣಗಿದೆ, ಸಣ್ಣ ಹಲ್ಲುಗಳು ಬೆರಳಿಗೆ ಹತ್ತುತ್ತವೆ, ಅರ್ಧ ಸುತ್ತು ಸಾಕು. ಹೊನ್ನಯ್ಯ ತಾತ ಚಾವಡಿಯಲ್ಲಿ ಕಾವ್ಯ ಓದುವಾಗ ಒಂದು ಪದವನ್ನು ಎಳೆದು ಎಳೆದು ಇನ್ನೇನು ಹರಿಯಿತು ಅನ್ನುವಾಗ ಹಿಂದಕ್ಕೆ ತಂದು ಸಾಲಿನ ಕೊನೆಯಲ್ಲಿ ಇಳಿಸುತ್ತಿದ್ದ, ಕಂಬಕ್ಕೊರಗಿದ ಅವಳ ಉಸಿರೂ ಜೊತೆಗೇ ಹೋಗಿ ಜೊತೆಗೇ ಬರುತ್ತಿತ್ತು, ಒಂದು ಶನಿವಾರ ಮಾತ್ರ ಎಳೆದ ದನಿ ವಾಪಸ್ಸು ಬರಲಿಲ್ಲ, ಸಾಲು ಬೇರೆಲ್ಲೋ ಹೋಗಿ ನಿಂತಿತು, ಅರ್ಥ ಹೇಳುವ ಶಿವಯ್ಯನವರೂ ತಿಳಿಯದೆ ತಲೆಯಾಡಿಸಿದರು, ಕೇಳುವವರೂ ಆಡಿಸಿದರು, ತಾತ ಅಷ್ಟಕ್ಕೇ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಪುಸ್ತಕ ಮಡಚಿ, ತಪ್ಪಾಯ್ತು ಕಣ್ರಪ್ಪ ಎಂದು ಸಭೆಗೆ ಕೈಮುಗಿದು ಪದ್ಯವನ್ನು ಮೊದಲಿನಿಂದ ಎತ್ತಿಕೊಂಡ.

ಬೆರಳು ತೆಗೆದಳು, ಸ್ಟೂಲಿನಿಂದ ಇಳಿದಳು, ಬಾಗಿಲಲ್ಲಿ ವೀಣ, ಕಂಕುಳಲ್ಲಿ ಗಗನ, ಹಿಂದೆ ಮಂಗಳಮ್ಮ, ರೇವಮ್ಮ ಒಣಗಿದ ಜೋಳಿಗೆ ತಂದು ಚಾಚಿದಳು, ಜೋಳಿಗೆಯಲ್ಲಿ ಇನ್ನೂ ಬಿಸಿಲಿನ ಬಿಸಿ. ನಾಗರತ್ನ ಮಗುವನ್ನು ಕೂರಿಸಿ ತಲೆಯೆತ್ತಿದಳು, ಜೋಳಿಗೆಯದು ಕಳೆದು ಆರೂವರೆ, ಅದರಿಂದ ನಾಲ್ಕು ಗೀಟು, ಆರು ಕೆಜಿ ನೂರು, ತೂಕ ಸಾಲದ ಹಳದಿ. ವೀಣ, ನಿನ್ನ ಉಡಿದಾರನೇ ನಿಜ ಕಣಮ್ಮ, ಯುಗಾದಿಯಿಂದ ಈ ತಕ್ಕಡಿ ಸುಳ್ಳು ಹೇಳ್ತಾ ಇತ್ತು, ಟಗರು ತೂಗೋಕೆ ಕೊಟ್ಟವಳು ನಾನು, ತಪ್ಪು ನಂದು. ಮಂಗಳಮ್ಮ ಜೋಳಿಗೆಯೊಳಗೆ ಕೈ ಹಾಕಿ ಮಗುವಿನ ಉಡಿದಾರ ಮುಟ್ಟಿ ನೋಡಿದಳು. ಹತ್ತೂವರೆ ಬಸ್ಸಿಗೆ ಹಲಗೂರಿಂದ ಮಳವಳ್ಳಿ ಆಸ್ಪತ್ರೆಗೆ ಹೋಗಣ, ನಾನೂ ಬತ್ತೀನಿ, ಅಲ್ಲಿ ಬೇರೆ ತಕ್ಕಡಿ ಅದೆ, ಮಂಡ್ಯಕ್ಕೂ ಬರೆದು ಹಾಕ್ತೀನಿ, ಎಂದಳು ನಾಗರತ್ನ, ಅವಳ ದನಿ ಆವತ್ತು ತಪ್ಪೊಪ್ಪಿಕೊಂಡ ತಾತನ ದನಿಯಷ್ಟೇ ಮೆಲ್ಲಗಿತ್ತು. ಮೂರು ತಿಂಗಳಾಯ್ತಲ್ಲ ಟೀಚರಮ್ಮ, ಎಂದಳು ವೀಣ, ಜೋಳಿಗೆ ಸಮೇತ ಮಗುವನ್ನು ಕೊಕ್ಕೆಯಿಂದ ಎತ್ತಿ ಎದೆಗೆ ಹಚ್ಚಿಕೊಂಡಳು, ಮೂರು ತಿಂಗಳು, ಎರಡು ಬೆರಳು, ಮುಳ್ಳು ಗಡಗಡ ನಡುಗಿಕೊಂಡು ಹಿಂದಕ್ಕೆ ಓಡಿತು, ಐದು ಕೆಜಿ, ಮೂರು, ಒಂದು, ಇನ್ನೂ ಹಿಂದಕ್ಕೆ, ಇನ್ನೂ ಚೂರು, ಬಾ, ಇನ್ನು ಸ್ವಲ್ಪ ಬಾ — ನಾಲ್ಕನೆಯ ಗೀಟು.